ಮೀನುಗಾರಿಕೆಯೋ, ಮತ್ಸ್ಯೋದ್ಯಮವೋ?

ಪ್ರಶ್ನೆ (ಚನ್ನಗಿರಿ ತಾಲ್ಲೂಕಿನಿಂದ): ನಮಸ್ಕಾರ ಸರ್. ಸೂಳೆಕೆರೆಯಲ್ಲಿ ಮೀನು ಹಿಡಿಯುವವರ ಸಹಕಾರ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಾರ್ಷಿಕ ವರದಿಯ ಕರಡಿನಲ್ಲಿ ನಾನು ‘ಮೀನುಗಾರಿಕೆ’ ಎಂದು ಬರೆದಿದ್ದನ್ನು ನಿರ್ದೇಶಕರೊಬ್ಬರು ಎಲ್ಲ ಕಡೆಯೂ ಹೊಡೆದುಹಾಕಿ ‘ಮತ್ಸ್ಯೋದ್ಯಮ’ ಎಂದು ತಿದ್ದಿದ್ದಾರೆ. ಹಾಗೆ ಬರೆದರೆ ವರದಿಗೆ ತೂಕ ಬರುತ್ತದೆಂಬುದು ಅವರ ವಾದ. ಎರಡೂ ಒಂದೇ ಅರ್ಥದ ಪದಗಳೇ?

ಉತ್ತರ (ನಿವೃತ್ತ ಕನ್ನಡ ಅಧ್ಯಾಪಕ, ದಾವಣಗೆರೆ): ಹತ್ತಿರದ ಪದಗಳು, ಆದರೆ ಒಂದೇ ಅಲ್ಲ. ‘ಮೀನುಗಾರ’ ಎಂಬ ಕಸುಬುದಾರನ ಹೆಸರಿಗೆ ‘ಇಕೆ’ ಸೇರಿ ‘ಮೀನುಗಾರಿಕೆ’ ಆಗಿದೆ. ತೋಟಗಾರಿಕೆ, ಹೈನುಗಾರಿಕೆಗಳೂ ಇದೇ ಅಚ್ಚಿನವು. ಆದ್ದರಿಂದ ಆ ಪದದೊಳಗೆ ಬಲೆ ಬೀಸುವ ಮನುಷ್ಯನಿದ್ದಾನೆ. ‘ಮತ್ಸ್ಯೋದ್ಯಮ’ ಎಂಬುದು ಮತ್ಸ್ಯ ಮತ್ತು ಉದ್ಯಮಗಳು ಗುಣಸಂಧಿಯಾಗಿ ಕೂಡಿದ ಸಂಸ್ಕೃತ ಸಮಾಸ. ಮೀನು ಹಿಡಿಯುವುದರ ಜೊತೆಗೆ ಮಂಜುಗಡ್ಡೆ ಕಾರ್ಖಾನೆ, ದೋಣಿ ಕಟ್ಟುವಿಕೆ, ಸಂಸ್ಕರಣೆ, ಸಾಗಣೆ, ರಫ್ತು ಎಲ್ಲವೂ ಸೇರಿದ ವ್ಯವಹಾರವನ್ನು ಹೇಳುವಾಗ ಅದು ಒಪ್ಪುತ್ತದೆ. ಮಲ್ಪೆ ಬಂದರಿನ ವಹಿವಾಟನ್ನು ಮತ್ಸ್ಯೋದ್ಯಮ ಎಂದರೆ ಸರಿ. ನಿಮ್ಮ ಸದಸ್ಯರು ಬೆಳಗಿನ ಜಾವ ತೆಪ್ಪದಲ್ಲಿ ಹೋಗಿ ಕಾಟ್ಲಾ, ರೋಹು ಹಿಡಿದು ತರುವುದನ್ನು ಹಾಗೆ ಕರೆದರೆ, ಕ್ಷಮಿಸಿ, ಲುಂಗಿಯ ಮೇಲೆ ಕೋಟು ತೊಡಿಸಿದಂತಾಗುತ್ತದೆ. ತೂಕದ ಮಾತಿಗೆ ಬಂದರೆ, ರಾಜ್ಯ ಸರ್ಕಾರದ ಇಲಾಖೆಯ ಹೆಸರೇ ಮೀನುಗಾರಿಕೆ ಇಲಾಖೆ. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಯೋಜನೆಯ ಹೆಸರಿನಲ್ಲಿ ‘ಮತ್ಸ್ಯ ಸಂಪದ’ ಎಂದಿದೆ. ಹೆಸರನ್ನು ಉಲ್ಲೇಖಿಸುವಾಗ ಅದನ್ನು ಹಾಗೆಯೇ ಉಳಿಸಿಕೊಳ್ಳಿ.

ಪ್ರಶ್ನೆ (ಹಿರಿಯೂರಿನಿಂದ): ನಾನು ಕೃಷಿ ಹೊಂಡದಲ್ಲಿ ಮರಿ ಬಿಟ್ಟು ಬೆಳೆಸುತ್ತೇನೆ. ವಾಣಿವಿಲಾಸ ಸಾಗರದಲ್ಲಿ ಬಲೆ ಹಾಕುವವರೂ ಮೀನುಗಾರರು, ನಾನೂ ಮೀನುಗಾರನೇ?

ಉತ್ತರ: ಇಲಾಖೆಯ ವಿಶಾಲ ಅರ್ಥದಲ್ಲಿ ನಿಮ್ಮ ಕೆಲಸವೂ ಒಳನಾಡು ಮೀನುಗಾರಿಕೆಯೊಳಗೆ ಬರುತ್ತದೆ. ಆದರೆ ಬರೆಯುವಾಗ ‘ಮೀನು ಸಾಕಣೆ’ ಎಂದರೆ ಸ್ಪಷ್ಟ. ನಿಮ್ಮನ್ನು ಮೀನು ಸಾಕಣೆದಾರ ಅಥವಾ ಮೀನು ಕೃಷಿಕ ಎನ್ನಬಹುದು. ಸಿಗಡಿಯನ್ನೂ ಸೇರಿಸಿ ಹೇಳುವಾಗ ‘ಜಲಕೃಷಿ’ ಬೇಕಾಗುತ್ತದೆ. ‘ಮತ್ಸ್ಯೋದ್ಯಮಿ’ ಎಂದರೆ ಓದುಗನ ಮನಸ್ಸಿಗೆ ಬಂಡವಾಳ ಹೂಡಿದ ಧಣಿ ಬರುತ್ತಾನೆಯೇ ಹೊರತು ಹೊಂಡದ ದಡದಲ್ಲಿ ನಿಂತು ಮೇವು ಎರಚುವವನಲ್ಲ.

ಪ್ರಶ್ನೆ (ಮೊದಲಿನವರು): ಧನ್ಯವಾದಗಳು ಸರ್. ಅದೇ ನಿರ್ದೇಶಕರು ‘ಪಾಶುವಾರು ಹಕ್ಕು’ ಎಂಬುದನ್ನೂ ‘ಮತ್ಸ್ಯೋದ್ಯಮ ಹಕ್ಕು’ ಎಂದು ಬದಲಿಸಿದ್ದಾರೆ.

ಉತ್ತರ: ಅದನ್ನು ಮಾತ್ರ ಈ ದಿನವೇ ಮೊದಲಿನಂತೆ ಮಾಡಿಬಿಡಿ. ‘ಮೀನು ಪಾಶುವಾರು ಹಕ್ಕು’ ಎಂಬುದು ಕೆರೆಯ ಹರಾಜು ಮತ್ತು ಟೆಂಡರ್ ಪ್ರಕಟಣೆಗಳಲ್ಲಿ ಬೇರೂರಿರುವ ಮಾತು. ನಿಗದಿತ ಅವಧಿಗೆ ಆ ನೀರಿನಲ್ಲಿ ಮೀನು ಬೆಳೆಸಿ ಹಿಡಿಯುವ ಹಕ್ಕು ಎಂಬಷ್ಟೇ ಅದರ ಅರ್ಥ. ‘ಉದ್ಯಮ’ದ ಹಕ್ಕು ಎಂದರೆ ಆ ಅರ್ಥ ಕೆಡುತ್ತದೆ, ಕರಾರುಪತ್ರಕ್ಕೂ ನಿಮ್ಮ ವರದಿಗೂ ತಾಳೆಯಾಗುವುದಿಲ್ಲ.