ಟೈಮಿಂಗ್ ಬೆಲ್ಟ್ ಬದಲಿಸುವಾಗ ತುಕ್ಕು ಹಿಡಿದ ಬೋಲ್ಟುಗಳನ್ನು ಎಷ್ಟು ಬಿಗಿಯಬೇಕು?

ಪ್ರಶ್ನೆ (ಕುಮಟಾದಿಂದ)

ಮಾನ್ಯರೇ,

ನಮ್ಮ ಹಳೆಯ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟಿನ (ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಬೆಲ್ಟು) ಅವಧಿ ಮುಗಿಯುತ್ತ ಬಂದಿರುವುದರಿಂದ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ವಾಟರ್ ಪಂಪ್ ಮೂರನ್ನೂ ಒಟ್ಟಿಗೇ ಮನೆಯಲ್ಲಿ ಬದಲಿಸಬೇಕೆಂದಿದ್ದೇನೆ. ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ನನಗೆ ರೂಢಿಯಿದೆ. ಎಂಜಿನ್ನಿನ ಈ ಭಾಗಕ್ಕೆ ಕೈ ಹಾಕುತ್ತಿರುವುದು ಇದೇ ಮೊದಲು.

ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಪ್ರತಿಯೊಂದು ಬೋಲ್ಟಿಗೂ ನ್ಯೂಟನ್-ಮೀಟರಿನಲ್ಲಿ ಅಳತೆ ಕೊಟ್ಟಿದ್ದಾರೆ. ಎಂಜಿನ್ನಿನ ಮುಖ್ಯ ಅಚ್ಚಾದ ಕ್ರ್ಯಾಂಕಿನ ಪುಲ್ಲಿಯ ನಡುವಿನ ಬೋಲ್ಟಿಗೆ ಮಾತ್ರ ಮೊದಲು ಟಾರ್ಕ್ (ತಿರುಗಿಸುವ ಬಲದ ಅಳತೆ), ಆಮೇಲೆ 90 ಡಿಗ್ರಿ ತಿರುವು ಎಂದಿದೆ. ಪರಿಚಯದ ಗ್ಯಾರೇಜಿನವರು ಪಾನಾದ ಹಿಡಿಕೆಗೆ ಪೈಪು ತೂರಿಸಿ, "ಎಷ್ಟು ಬಿಗಿಯಾಯಿತೆಂದು ಕೈಗೇ ಗೊತ್ತಾಗುತ್ತದೆ, ಪುಸ್ತಕ ಬೇಡ" ಎನ್ನುತ್ತಾರೆ. ಕಾರು ವರ್ಷವಿಡೀ ಸಮುದ್ರದ ಗಾಳಿಗೆ ನಿಲ್ಲುವುದರಿಂದ ಕೆಳಗಿನ ಬೋಲ್ಟುಗಳೆಲ್ಲ ತುಕ್ಕು ಹಿಡಿದಿವೆ. ಇಂಥವಕ್ಕೆ ಮ್ಯಾನ್ಯುಯಲ್‌ನ ಅಂಕಿಯನ್ನೇ ನಂಬಬಹುದೇ? ಥ್ರೆಡ್ಡಿಗೆ ಎಣ್ಣೆ ಹಚ್ಚಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಕಾರವಾರದಿಂದ)

ನಾನು ಬೈತಖೋಲದಲ್ಲಿ ಮೀನುಗಾರಿಕೆ ದೋಣಿಗಳ ಡೀಸೆಲ್ ಎಂಜಿನ್ ಕೆಲಸ ಮಾಡುವವನು. ನಮ್ಮಲ್ಲಿ ಒಣ ಬೋಲ್ಟನ್ನು ಯಾರೂ ಹಾಕುವುದಿಲ್ಲ. ಎಣ್ಣೆ ಸವರಿಯೇ ಹಾಕುತ್ತೇವೆ, ಇಲ್ಲವಾದರೆ ಮುಂದಿನ ಸಲ ಬಿಚ್ಚುವಾಗ ಬೋಲ್ಟಿನ ತಲೆ ಮಾತ್ರ ಕೈಗೆ ಬರುತ್ತದೆ. ನೀವೂ ಹಾಗೆಯೇ ಮಾಡಿ. ಎಂಜಿನ್ನಿನ ಹೆಡ್ಡಿನ ಬೋಲ್ಟುಗಳಿಗೆ ನಾವು ಕೂಡ ಟಾರ್ಕ್ ರೆಂಚ್ (ಬಿಗಿಯುವ ಟಾರ್ಕ್ ಅಳೆಯುವ ಪಾನಾ) ಬಳಸುತ್ತೇವೆ, ಆದ್ದರಿಂದ ಪೈಪಿನ ಮಾತು ಕೇಳಬೇಡಿ.

ಉತ್ತರ 2 (ಶಿರಸಿಯಿಂದ)

ಕಾರವಾರದವರು ಪೈಪಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಎಣ್ಣೆಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಐಟಿಐಯಲ್ಲಿ ಬಹುಕಾಲ ಇದನ್ನೇ ಕಲಿಸಿದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೋಲ್ಟ್ ಬಿಗಿಯುವಾಗ ನಮಗೆ ಬೇಕಾಗಿರುವುದು ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಲ. ಅದನ್ನು ನೇರವಾಗಿ ಅಳೆಯಲು ಮನೆಯಲ್ಲಿ ಸಾಧನವಿಲ್ಲದ ಕಾರಣ, ತಿರುಗಿಸಲು ಎಷ್ಟು ಶಕ್ತಿ ಬೇಕಾಯಿತು ಎಂಬುದನ್ನು ಅಳೆದು ಅಂದಾಜು ಮಾಡುತ್ತೇವೆ. ಹಾಗೆ ಹಾಕಿದ ಟಾರ್ಕಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೋಲ್ಟಿನ ತಲೆಯಡಿಯ ಘರ್ಷಣೆಗೂ, ಶೇ. 40ರಷ್ಟು ಥ್ರೆಡ್ಡಿನ ಘರ್ಷಣೆಗೂ ಖರ್ಚಾಗಿ, ಬೋಲ್ಟನ್ನು ನಿಜಕ್ಕೂ ಎಳೆದು ಬಿಗಿಮಾಡಲು ಉಳಿಯುವುದು ಶೇ. 10ರ ಆಸುಪಾಸು ಮಾತ್ರ. ಥ್ರೆಡ್ಡಿನಲ್ಲಿ ತುಕ್ಕು ಇದ್ದರೆ ಘರ್ಷಣೆ ಹೆಚ್ಚಾಗಿ, ಆ ಸಣ್ಣ ಪಾಲೂ ತಿಂದುಹೋಗುತ್ತದೆ. ರೆಂಚು ಹೊಂದಿಸಿದ ಅಂಕಿ ಮುಟ್ಟಿ "ಟಿಕ್" ಎಂದಿರುತ್ತದೆ, ಬೋಲ್ಟು ಮಾತ್ರ ಸಡಿಲವಾಗಿಯೇ ಇರುತ್ತದೆ. ಎಣ್ಣೆ ಹಚ್ಚಿದರೆ ಇದಕ್ಕೆ ವಿರುದ್ಧ: ಘರ್ಷಣೆ ಇಳಿದು, ಅದೇ ಅಂಕಿಗೆ ಬೋಲ್ಟಿನ ಮೇಲೆ ಬೀಳುವ ಎಳೆತ ಕಾಲುಭಾಗಕ್ಕಿಂತಲೂ ಹೆಚ್ಚು ಏರಬಹುದು. ಅಲ್ಯೂಮಿನಿಯಂ ಬಾಡಿಗೆ ಕೂರುವ 6 ಮಿ.ಮೀ. ಬೋಲ್ಟಿನಲ್ಲಿ ಅಷ್ಟೇ ಸಾಕು, ಥ್ರೆಡ್ಡು ಕಿತ್ತು ಬರಲು.

ಆದ್ದರಿಂದ ಮ್ಯಾನ್ಯುಯಲ್‌ನಲ್ಲಿ ಎಣ್ಣೆ ಹಚ್ಚಿ ಎಂದು ಸ್ಪಷ್ಟವಾಗಿ ಹೇಳಿರುವ ಬೋಲ್ಟಿಗೆ ಮಾತ್ರ ಹಚ್ಚಿ. ಉಳಿದವನ್ನು ಸ್ವಚ್ಛಗೊಳಿಸಿ ಒಣದಾಗಿಯೇ ಹಾಕಿ. ದೋಣಿಯ ಹೆಡ್ ಬೋಲ್ಟುಗಳಿಗೆ ಕೊಟ್ಟ ಅಂಕಿ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿದೇ ಕೊಟ್ಟದ್ದಿರಬಹುದು, ಅದನ್ನು ಇಲ್ಲಿಗೆ ತರುವುದು ಸರಿಯಲ್ಲ. ತಂತಿ ಬ್ರಶ್ಶಿನಿಂದ ತುಕ್ಕು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬೋಲ್ಟು ಬರಿಗೈಯಲ್ಲಿ ತಳದವರೆಗೆ ಸಲೀಸಾಗಿ ಇಳಿಯಬೇಕು. ನಡುವೆ ಎಲ್ಲಿಯಾದರೂ ಪಾನಾ ಬೇಕೆನಿಸಿದರೆ ಹೊಸ ಬೋಲ್ಟ್ ತನ್ನಿ. ರಂಧ್ರಗಳನ್ನು ಮರೆಯಬೇಡಿ. ತುದಿ ಮುಚ್ಚಿದ ರಂಧ್ರದಲ್ಲಿ ಎಣ್ಣೆಯೋ ಕೂಲೆಂಟೋ ನಿಂತಿದ್ದರೆ, ಬೋಲ್ಟು ಇಳಿಯುವಾಗ ಅದಕ್ಕೆ ಹೋಗಲು ದಾರಿಯಿಲ್ಲದೆ ಎಂಜಿನ್ನಿನ ಬಾಡಿಯೇ ಬಿರುಕು ಬಿಡುವ ಸಂಭವವಿದೆ.

90 ಡಿಗ್ರಿ ತಿರುವು ಕೊಡುವುದರ ಹಿಂದೆಯೂ ಈ ಘರ್ಷಣೆಯೇ ಕಾರಣ. ಮೊದಲ ಟಾರ್ಕಿನಿಂದ ಭಾಗಗಳು ಸರಿಯಾಗಿ ಕೂತ ಮೇಲೆ, ಬೋಲ್ಟು ಎಷ್ಟು ಹಿಗ್ಗುತ್ತದೆ ಎಂಬುದು ಮುಖ್ಯವಾಗಿ ತಿರುವಿನ ಕೋನವನ್ನೇ ಅವಲಂಬಿಸಿರುವುದರಿಂದ, ಘರ್ಷಣೆಯ ಏರಿಳಿತ ಅಲ್ಲಿ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಹೀಗೆ ಬಿಗಿಯುವ ಬೋಲ್ಟುಗಳಲ್ಲಿ ಹಲವು ಒಮ್ಮೆ ಹಿಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಮ್ಯಾನ್ಯುಯಲ್ ಹೊಸದನ್ನು ಹಾಕಲು ಹೇಳಿದ್ದರೆ ಹಳೆಯದು ಎಷ್ಟು ಚೆನ್ನಾಗಿ ಕಂಡರೂ ಹಾಕಬೇಡಿ.

ಉತ್ತರ 3 (ಅಂಕೋಲಾದಿಂದ)

ಕ್ರ್ಯಾಂಕ್ ಬೋಲ್ಟಿನ ಬಗ್ಗೆ ಎರಡು ಮಾತು. ಕೋನ ಅಳೆಯುವ ಗೇಜು ಇಲ್ಲದಿದ್ದರೂ ನಡೆಯುತ್ತದೆ: ಬೋಲ್ಟಿನ ತಲೆಗೆ ಆರು ಮೂಲೆಗಳಿರುವುದರಿಂದ ಒಂದು ಮೂಲೆಯಿಂದ ಮುಂದಿನದಕ್ಕೆ 60 ಡಿಗ್ರಿ, 90 ಎಂದರೆ ಒಂದೂವರೆ ಮೂಲೆ. ಬಿಳಿ ಬಣ್ಣದಿಂದ ತಲೆಯ ಮೇಲೆ ಒಂದು ಗೆರೆ, ಪುಲ್ಲಿಯ ಮೇಲೆ ಅದು ತಲುಪಬೇಕಾದ ಜಾಗದಲ್ಲಿ ಇನ್ನೊಂದು ಗೆರೆ ಎಳೆದುಕೊಳ್ಳಿ. ಗೆರೆಯನ್ನು ಎಂಜಿನ್ನಿನ ಬಾಡಿಯ ಮೇಲೆ ಹಾಕಬಾರದು, ಏಕೆಂದರೆ ಬಿಗಿಯುವಾಗ ಕ್ರ್ಯಾಂಕು ಸ್ವಲ್ಪ ಅಲುಗಿದರೂ ಲೆಕ್ಕ ತಪ್ಪುತ್ತದೆ.

ಟೈಮಿಂಗ್ ಹಿಡಿದಿಡಲು ತೂರಿಸುವ ಪಿನ್ನಿನ ಮೇಲೆ ಈ ಭಾರವನ್ನು ಹಾಕಲೇಬಾರದು, ಅದು ಬಾಗುತ್ತದೆ ಇಲ್ಲವೇ ಬ್ಲಾಕಿನ ರಂಧ್ರ ಕೆಡುತ್ತದೆ. ಪುಲ್ಲಿ ಹಿಡಿಯುವ ಉಪಕರಣ ಸಿಗದಿದ್ದರೆ ಟಾಪ್ ಗೇರಿನಲ್ಲಿಟ್ಟು ಮನೆಯವರೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ. ಬಿಚ್ಚಲು ಸ್ಟಾರ್ಟರ್ ಮೋಟಾರು ತಿರುಗಿಸಿ ಪಾನಾವನ್ನು ಚಾಸಿಗೆ ಒರಗಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೈಕಾಲಿನ ಮೇಲೆ ಆಸೆಯಿದ್ದರೆ ಕೇಳಬೇಡಿ.

ಪ್ರಶ್ನಿಸಿದವರು (ಕುಮಟಾದಿಂದ)

ಎಲ್ಲರಿಗೂ ಧನ್ಯವಾದಗಳು. ಪಂಪಿನ ಬೋಲ್ಟುಗಳಿಗೆ 10 ನ್ಯೂಟನ್-ಮೀಟರ್ ಎಂದಿದೆ. ಗೆಳೆಯರ ಬಳಿ ಎರವಲು ಸಿಗುವ ರೆಂಚು 40ರಿಂದ 200ರವರೆಗಿನದು. ಅದು ಸರಿಯಾಗಿದೆಯೇ ಎಂದು ಪರೀಕ್ಷಿಸುವ ದಾರಿ ಇದೆಯೇ? ಇನ್ನೊಂದು: ಶಿರಸಿಗೆ ಹೋಗಿ ಬಂದ ದಿನವೇ ಸಂಜೆ ಕೆಲಸ ಶುರುಮಾಡಬಹುದೇ?

ಉತ್ತರ 2 (ಶಿರಸಿಯಿಂದ)

ದೇವಿಮನೆ ಘಟ್ಟ ಹತ್ತಿ ಇಳಿದು ಬಂದ ಎಂಜಿನ್ನನ್ನು ರಾತ್ರಿಯಿಡೀ ಆರಲು ಬಿಡಿ. ಬಿಸಿಯಿದ್ದಾಗ ಎಂಜಿನ್ನು ಹಿಗ್ಗಿರುತ್ತದೆ, ಆಗ ಹೊಂದಿಸಿದ ಬೆಲ್ಟು ತಣಿದ ಮೇಲೆ ಸಡಿಲಾಗುತ್ತದೆ.

ಆ ರೆಂಚು ಪಂಪಿಗೆ ಆಗುವುದಿಲ್ಲ. 5ರಿಂದ 25ರವರೆಗಿನ ಸಣ್ಣದೊಂದನ್ನು ಹುಡುಕಿ. ಸಿಗದಿದ್ದರೆ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಸಾಕು: ಬೋಲ್ಟಿನ ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಪಾನಾಕ್ಕೆ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ 10 ಕೆ.ಜಿ. ತೋರುವಷ್ಟು ಎಳೆದರೆ 9.8 ನ್ಯೂಟನ್-ಮೀಟರ್ ಆಗುತ್ತದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಕೂರಿಸಿ, ಆಮೇಲೆ ಎದುರುಬದುರಾಗಿ ಎರಡು ಸುತ್ತಿನಲ್ಲಿ ಬಿಗಿಯಿರಿ. ದೊಡ್ಡ ರೆಂಚಿನ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಕೆ ಅಡ್ಡಕ್ಕೆ ನಿಲ್ಲುವಂತೆ ಮಾಡಿ, ತುದಿಯ ನಡುವಿನಿಂದ 40 ಸೆಂ.ಮೀ. ದೂರದಲ್ಲಿ, ಅಂದರೆ ಕೈ ಹಿಡಿಯುವ ಜಾಗದಲ್ಲೇ, 15 ಕೆ.ಜಿ. ತೂಗುಹಾಕಿದರೆ ಸುಮಾರು 59 ಬರಬೇಕು. ರೆಂಚಿನ ಸ್ವಂತ ತೂಕ ಅದಕ್ಕೆ ಸ್ವಲ್ಪ ಸೇರುತ್ತದೆ. ಗಟ್ಟಿಯಾಗಿ ಕೂತ ಬೋಲ್ಟುಗಳನ್ನು ಬಿಚ್ಚಲು ಈ ರೆಂಚನ್ನು ಬಳಸಬೇಡಿ, ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಕನಿಷ್ಠ ಅಂಕಿಗೆ ಇಳಿಸಿ ಗೆಳೆಯರಿಗೆ ಕೊಡಿ.

ಟೆನ್ಷನರಿನ ಬೋಲ್ಟ್ ಬಿಗಿಯುವಾಗ ಅದರ ಜೊತೆಗೆ ಟೆನ್ಷನರೂ ತಿರುಗಲು ನೋಡುತ್ತದೆ. ಇನ್ನೊಂದು ಕೈಯಲ್ಲಿ ಅಲೆನ್ ಕೀಯಿಂದ ಅದನ್ನು ಹಿಡಿದಿಡಿ, ಇಲ್ಲವಾದರೆ ಬೆಲ್ಟಿನ ಬಿಗಿತ ತೋರಿಸುವ ಅದರ ಮುಳ್ಳು ಸರಿದುಹೋಗುತ್ತದೆ. ಹಿಡಿದಿಡುವ ಪಿನ್ನುಗಳನ್ನೆಲ್ಲ ತೆಗೆದಮೇಲೆ ಕ್ರ್ಯಾಂಕನ್ನು ಎಂಜಿನ್ನು ತಿರುಗುವ ದಿಕ್ಕಿನಲ್ಲಿ ಪಾನಾದಿಂದಲೇ ಪೂರ್ತಿ ಎರಡು ಸುತ್ತು ನಿಧಾನವಾಗಿ ತಿರುಗಿಸಿ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು ಮುಗಿಸಿ ಟೈಮಿಂಗ್ ಗುರುತುಗಳು ಮತ್ತೆ ಕೂಡಬೇಕು. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ, ವಾಲ್ವು ಪಿಸ್ಟನ್ನಿಗೆ ತಾಗಿರಬಹುದು. ಗುರುತು ಒಂದೇ ಒಂದು ಹಲ್ಲಿನಷ್ಟು ತಪ್ಪಿದ್ದರೂ ಬೆಲ್ಟನ್ನು ತೆಗೆದು ಮೊದಲಿನಿಂದ ಹಾಕಿ, ಕೀ ತಿರುಗಿಸುವುದು ಆಮೇಲೆ.