ಬಯಲಾಟದ ವರದಿಯಲ್ಲಿ ಆಟಕ್ಕೇ ಜಾಗ ಇಲ್ಲವೇ?

ಪ್ರಶ್ನೆ: ಗ್ರಾಮೀಣ ವರದಿಗಾರ್ತಿ, ದಕ್ಷಿಣ ಕನ್ನಡ

ವಾರಪತ್ರಿಕೆಯೊಂದಕ್ಕೆ ನಮ್ಮ ತಾಲ್ಲೂಕಿನ ಸುದ್ದಿಗಳನ್ನು ಬರೆದು ಕಳುಹಿಸುತ್ತೇನೆ. ದೀಪಾವಳಿಯ ಬಳಿಕ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ, ಮೇ ಕೊನೆಯ ಹೊತ್ತಿಗೆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಬಯಲಾಟ, ದೈವಗಳ ನೇಮ, ದೇವಸ್ಥಾನಗಳ ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವಗಳ ಸುದ್ದಿಗೆ ಬಿಡುವಿಲ್ಲ. ಅದೇ ಪುಟದಲ್ಲಿ ಕುಡಿಯುವ ನೀರಿನ ಅಭಾವ, ಅಡಿಕೆಯ ಎಲೆಚುಕ್ಕಿ ರೋಗ, ಅರ್ಧಕ್ಕೆ ನಿಂತ ರಸ್ತೆ ಕಾಮಗಾರಿಗಳ ವರದಿಯೂ ಬರಬೇಕು. ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಕಲೆಯ ಸುದ್ದಿಗೆ. ಉಳಿಯುವ ನಾಲ್ಕು ಸಾಲಿನಲ್ಲಿ ದೀಪ ಬೆಳಗಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರೂ ಇರುತ್ತಾರೆ. ಹಾಡಿದ ಭಾಗವತರು ಯಾರು, ಆಡಿದ ಪ್ರಸಂಗ ಯಾವುದು ಎಂಬುದು ಮಾತ್ರ ‘ಬಳಿಕ ಯಕ್ಷಗಾನ ಪ್ರದರ್ಶನಗೊಂಡಿತು’ ಎಂಬ ಒಂದೇ ವಾಕ್ಯದೊಳಗೆ ಮುಚ್ಚಿಹೋಗುತ್ತದೆ. ಎರಡು ಬಗೆಯ ಸುದ್ದಿಗೂ ನ್ಯಾಯ ಸಲ್ಲುವ ಹಾಗೆ ಬರೆಯುವುದು ಹೇಗೆ ಎಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಉಪಸಂಪಾದಕ

ಹೆಸರುಗಳ ಪಟ್ಟಿಯನ್ನು ಪೂರ್ತಿ ಕೈಬಿಡುವುದು ಸಾಧ್ಯವಿಲ್ಲ, ಕೈಬಿಡಬಾರದು ಕೂಡ. ಹಳ್ಳಿಯೊಂದರಲ್ಲಿ ಚಪ್ಪರ ಹಾಕಿ, ಊಟ ಬಡಿಸಿ, ದೇಣಿಗೆ ಎತ್ತಿ ಕಾರ್ಯಕ್ರಮ ನಡೆಸಿದವರು ತಮ್ಮ ಹೆಸರನ್ನು ಪತ್ರಿಕೆಯಲ್ಲಿ ನೋಡಲು ಬಯಸುವುದು ಸಹಜ. ಆದರೆ ಆ ಪಟ್ಟಿ ವರದಿಯ ಕೊನೆಯಲ್ಲಿರಲಿ. ಮೊದಲ ವಾಕ್ಯ ರಂಗಸ್ಥಳದಿಂದಲೇ ಆರಂಭವಾಗಬೇಕು.

ವಾಲಿಮೋಕ್ಷದ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ನಡೆಯಿತು ಎಂದಿಟ್ಟುಕೊಳ್ಳಿ. ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಯಾವ ನೆಲೆಯಲ್ಲಿ ಪ್ರಶ್ನಿಸಿದ, ರಾಮನ ಮಾತುಗಳನ್ನಾಡುವ ಅರ್ಥಧಾರಿ ಅದಕ್ಕೆ ಧರ್ಮಶಾಸ್ತ್ರದ ಉತ್ತರ ಕೊಟ್ಟರೇ ಅಥವಾ ರಾಜನೀತಿಯ ಉತ್ತರ ಕೊಟ್ಟರೇ, ಆ ವಾದ ಸಭೆಗೆ ಒಪ್ಪಿಗೆಯಾಯಿತೇ ಎಂಬುದನ್ನು ಐದು ಸಾಲಿನಲ್ಲಿ ಬರೆದರೆ ಅಂದು ಬಾರದೆ ಇದ್ದವನಿಗೂ ಏನೋ ದಕ್ಕುತ್ತದೆ. ಇದನ್ನು ಬರೆಯಲು ಕೊನೆಯವರೆಗೆ ಕುಳಿತು ಕೇಳಬೇಕು; ಸಭಾ ಕಾರ್ಯಕ್ರಮ ಮುಗಿದ ಕೂಡಲೇ ಎದ್ದು ಬಂದವರಿಂದ ಅದು ಆಗುವ ಕೆಲಸವಲ್ಲ.

ಇನ್ನೊಂದು ಮಾತು. ಕಲೆಯ ಬರಹ ಬಂದು ಸುದ್ದಿಯ ಜಾಗವನ್ನು ಕಸಿಯುತ್ತದೆ ಎಂಬ ಭಾವನೆ ನಮ್ಮ ಪತ್ರಿಕೋದ್ಯಮದ ಮೂಲದಲ್ಲಿ ಇರಲಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ದಲ್ಲಿ ಊರಿನ ವರ್ತಮಾನ, ಸರಕಾರದ ನಿರೂಪಗಳ (ಆದೇಶಗಳ) ಜೊತೆಗೆ ಪುರಂದರದಾಸರ ಪದಗಳಿಗೂ ಸ್ಥಾನವಿತ್ತು.

ಉತ್ತರ 2: ಹವ್ಯಾಸಿ ಮದ್ದಳೆಗಾರ, ಉಡುಪಿ ಜಿಲ್ಲೆ

ಹಿರಿಯರ ಮಾತು ಸರಿ, ಆದರೆ ಪ್ರಶ್ನೆಯೊಳಗೇ ಇರುವ ಒಂದು ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಕಲೆ ಒಂದು ಕಡೆ, ಸುದ್ದಿ ಇನ್ನೊಂದು ಕಡೆ ಎಂದು ಬೇರ್ಪಡಿಸಿದ್ದರಿಂದಲೇ ನಮ್ಮ ಜಿಲ್ಲೆಗಳ ಬಹುಮುಖ್ಯ ಸುದ್ದಿಯೊಂದು ಅರೆಬರೆಯಾಗಿ ವರದಿಯಾಯಿತು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. 2022ರ ತಿರುಗಾಟದಲ್ಲಿ ಕಟೀಲು ದೇವಸ್ಥಾನದ ಮೇಳಗಳು ಇಡೀ ರಾತ್ರಿಯ ಆಟವನ್ನು ಬಿಟ್ಟು ಕೆಲವೇ ಗಂಟೆಗಳ ಕಾಲಮಿತಿಯ ಆಟಕ್ಕೆ ಹೊರಳಿದಾಗ ನಾನು ಓದಿದ ವರದಿಗಳಲ್ಲಿ ಕಾನೂನಿತ್ತು, ಭಕ್ತರ ಅಸಮಾಧಾನವಿತ್ತು, ಜನಪ್ರತಿನಿಧಿಗಳ ಹೇಳಿಕೆಗಳಿದ್ದವು. ಆಟದೊಳಗೆ ಏನು ಬದಲಾಗುತ್ತದೆ ಎಂಬುದು ಅವುಗಳಲ್ಲಿ ಇರಲಿಲ್ಲ. ಬೆಳಗಿನವರೆಗೆ ನಡೆಯುವ ‘ದೇವಿ ಮಹಾತ್ಮೆ’ಯನ್ನು ಐದಾರು ಗಂಟೆಗೆ ಇಳಿಸಿದರೆ ಮೊದಲು ಕುಗ್ಗುವುದು ಪೂರ್ವರಂಗ, ಅಂದರೆ ಕತೆ ಆರಂಭವಾಗುವ ಮೊದಲಿನ ಕುಣಿತದ ಭಾಗ. ಕೋಡಂಗಿ, ಬಾಲಗೋಪಾಲ, ಮುಖ್ಯ ಸ್ತ್ರೀವೇಷಗಳ ಆ ಭಾಗದಲ್ಲೇ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಗೆಜ್ಜೆ ಕಟ್ಟಿ, ಚೆಂಡೆ ಮದ್ದಳೆಯ ಲಯಕ್ಕೆ ಹೆಜ್ಜೆ ಹೊಂದಿಸಿಕೊಂಡು, ಸಭಾಕಂಪನ ಕಳೆದುಕೊಳ್ಳುತ್ತಾರೆ. ನಿಧಾನ ಕಾಲದ ಪದ್ಯಗಳಿಗೂ ಅವಕಾಶ ಕಡಿಮೆಯಾಗುತ್ತದೆ. ಮತ್ತೊಂದೆಡೆ, ಮನೆಯಲ್ಲಿ ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು ಇರುವವರ ಅಳಲೂ ನಿಜವೇ. ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೆ ಕಾಲಮಿತಿ ಅನುಕೂಲವಾಯಿತು ಎಂಬುದನ್ನೂ ಅಲ್ಲಗಳೆಯಲಾಗದು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಬರೆಯಬಲ್ಲವರು ನಿಮ್ಮಂಥ ಸ್ಥಳೀಯ ವರದಿಗಾರರು; ರಾಜಧಾನಿಯಿಂದ ಅದು ಬರುವುದಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ತಿರುಗಾಟ ನಡುವೆಯೇ ನಿಂತಾಗಲೂ ಹೀಗೆಯೇ. ಸೇವೆಯಾಟಗಳು ರದ್ದಾದುದನ್ನು ಓದಿದೆವು. ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ವೇಷಭೂಷಣ ಜೋಡಿಸುವವರು, ದೀಪ ಧ್ವನಿ ನೋಡಿಕೊಳ್ಳುವವರು, ಅಡುಗೆಯವರು ಪತ್ತನಾಜೆಯವರೆಗಿನ ಸಂಪಾದನೆಯನ್ನೇ ನಂಬಿ ಬದುಕುವವರು ಎಂಬುದನ್ನು ಯಾರಾದರೂ ಬಂದು ಕೇಳಿ ಬರೆಯಬೇಕಿತ್ತು.

ಉತ್ತರ 3: ಮುಂಬಯಿಯ ಓದುಗ

ಊರಿನ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುವ ನನ್ನಂಥವನು ಮೊದಲು ನೋಡುವುದು ‘ಇಂದಿನ ಯಕ್ಷಗಾನ’ದ ಅಂಕಣವನ್ನು. ಯಾವ ಮೇಳ ಯಾವ ಊರಿನಲ್ಲಿ ಎಂದು ತಿಳಿದರೆ ರಜೆಗೆ ಬಂದಾಗ ನಮ್ಮ ದಾರಿ ಅದಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದ ವಿಮರ್ಶೆಗಿಂತ ಮೊದಲು ಮುನ್ಸೂಚನೆ ನಿಖರವಾಗಿರಲಿ: ಸ್ಥಳ, ಆರಂಭದ ಹೊತ್ತು, ಪ್ರಸಂಗ, ಹಿಮ್ಮೇಳದ ಹಾಡುಗಾರರು ಮತ್ತು ವಾದಕರು. ಕಾರ್ಯಕ್ರಮ ಮುಂದೂಡಲ್ಪಟ್ಟರೆ ಅದನ್ನೂ ತಿಳಿಸಿ. ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಆ ಪ್ರದರ್ಶನಗಳಿಗೂ ಒಂದು ಮೂಲೆ ದೊರೆತರೆ ಇಲ್ಲಿಯ ಕನ್ನಡಿಗರು ಮತ್ತು ತುಳುವರು ಸಂತೋಷಪಡುತ್ತಾರೆ.

ಒಂದು ಆಕ್ಷೇಪವೂ ಇದೆ. ಹರಕೆಯ ಆಟ ಒಂದು ಕುಟುಂಬ ವರ್ಷಗಟ್ಟಲೆ ಕಾದು ಸಲ್ಲಿಸುವ ಸೇವೆ. ಅಲ್ಲಿ ಕಿರಿಯ ಕಲಾವಿದನೊಬ್ಬನ ಹೆಜ್ಜೆ ತಪ್ಪಿತೆಂದು ಹೆಸರು ಹಿಡಿದು ಅಚ್ಚು ಹಾಕುವುದು ಉಚಿತವಲ್ಲ. ಟಿಕೆಟ್ಟಿನ ಪ್ರದರ್ಶನಕ್ಕೆ ಅನ್ವಯಿಸುವ ಅಳತೆಯನ್ನು ಇಲ್ಲಿಗೆ ತರಬೇಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಹರಕೆಯ ಆಟದ ಕುರಿತ ಆಕ್ಷೇಪವನ್ನು ಒಪ್ಪುತ್ತೇನೆ. ಹಿರಿಯ ಕಲಾವಿದರ ವಿಷಯದಲ್ಲಿ ಮಾತ್ರ, ಪ್ರಸಂಗದ ನಡೆ ಕೆಟ್ಟಿದ್ದರೆ ಸೌಜನ್ಯದಿಂದ ಅಷ್ಟನ್ನು ಹೇಳಲೇಬೇಕು ಎಂದು ನನಗನಿಸುತ್ತದೆ. ಸಂಪಾದಕರ ಮುಂದೆ ಎರಡು ಬೇಡಿಕೆ ಇಡಲಿದ್ದೇನೆ: ವಾರದ ಕಾರ್ಯಕ್ರಮಗಳಿಗೆ ಪುಟದ ಎಡಬದಿಯ ಒಂದು ಕಾಲಂ ಖಾಯಂ ಆಗಿ ಇರಲಿ, ಮತ್ತು ಒಂದು ಪ್ರದರ್ಶನದ ವರದಿಗಾದರೂ ನೀರಿನ ಸಮಸ್ಯೆಯ ವರದಿಗೆ ಸಿಗುವಷ್ಟೇ ಸಾಲುಗಳು ಸಿಗಲಿ. ಧ್ವನಿವರ್ಧಕದ ಅನುಮತಿಗೆ ಸಂಘಟಕರು ಯಾವ ಯಾವ ಕಚೇರಿಗೆ ಅಲೆಯಬೇಕಾಗುತ್ತದೆ ಎಂಬುದನ್ನು ಕೇಳಿ ಬರೆಯುವ ಕೆಲಸವನ್ನು ಈ ವಾರವೇ ಆರಂಭಿಸುತ್ತೇನೆ. ಮದ್ದಳೆಗಾರರು ಒಪ್ಪಿದರೆ, ಪೂರ್ವರಂಗದಲ್ಲಿ ಕಲಿತು ಮೇಲೆ ಬಂದ ಕಲಾವಿದರೊಬ್ಬರ ಮಾತನ್ನೂ ಅದರ ಜೊತೆಗೆ ಸೇರಿಸಬೇಕೆಂದಿದ್ದೇನೆ.