ನೆತ್ತಿಯ ಮೇಲಿನ ಆಕಾಶ ನೋಡಿದರೆ ಸಾಲದು

ಮರಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾದರು, ನನಗೆ ಹಾಗೆ ಬಿಡಲು ಮನಸ್ಸಾಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಹತ್ತು ಗಂಟೆಗೆ ಕಮರಿಯ ಅಂಚಿಗೆ ತಲುಪೋಣ, ಮೇಲಿಂದ ಫೋಟೊ ತೆಗೆಯೋಣ, ಮಧ್ಯಾಹ್ನ ಕೆಳಗಿಳಿದು ನೀರಲ್ಲಿ ಆಡಿ ಸಂಜೆ ಹೊರಡೋಣ, ಆಕಾಶ ತಿಳಿಯಾಗಿದ್ದರೆ ಸಾಕಲ್ವಾ ಅತ್ತೆ ಅಂತ ಕೇಳಿದ್ದೀಯ. ಸಾಲದು. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಹೇಳಿಬಿಡುತ್ತೇನೆ.

ಕಮರಿ ಅಂದರೆ ಆಲಿಕೆಯ ಕೊಳವೆ ಇದ್ದ ಹಾಗೆ. ಆಲಿಕೆಯ ಬಾಯಿ ಎಲ್ಲೋ ಮೇಲೆ, ಎಷ್ಟೋ ಮೈಲಿ ದೂರದಲ್ಲಿ ಇರುತ್ತದೆ. ಅಲ್ಲಿ ಸುರಿದ ಮಳೆಯೆಲ್ಲ ನೀನು ನಿಂತಿರುವ ಇಕ್ಕಟ್ಟಿಗೇ ಬರಬೇಕು. ನಿನ್ನ ತಲೆಯ ಮೇಲೆ ಒಂದು ಮೋಡವೂ ಬೇಕಾಗಿಲ್ಲ. ಅಮೆರಿಕದ ಅರಿಜೋನಾದಲ್ಲಿ ಆಂಟೆಲೋಪ್ ಕಂದರ ಅಂತ ಇದೆ. ಕೆಂಪು ಕಲ್ಲಿನ ಸಂದಿ, ಬೆಳಕು ಕೋಲಿನ ಹಾಗೆ ಇಳಿಯುವ ಫೋಟೊಗಳನ್ನು ನೀನೂ ನೋಡಿರುತ್ತೀಯ. 1997ರ ಆಗಸ್ಟ್ 12ರಂದು ಅಲ್ಲಿ ನೀರು ನುಗ್ಗಿ 11 ಪ್ರವಾಸಿಗರು ಹೋಗಿಬಿಟ್ಟರು. ಮಳೆ ಬಿದ್ದಿದ್ದು ಮೇಲೆ ದೂರದಲ್ಲಿ. ಕಂದರದ ಹತ್ತಿರ ಹೇಳಿಕೊಳ್ಳುವಂಥ ಮಳೆಯೇ ಇರಲಿಲ್ಲ.

ಜೋರ್ಡಾನ್‌ನ ಪೆಟ್ರಾ ಕೂಡ ಹಾಗೇ. ಆ ಕಲ್ಲಿನ ನಗರಕ್ಕೆ ಹೋಗುವ ದಾರಿಯೇ ಒಂದು ಕಿರಿದಾದ ಕಂದರ, ಸಿಕ್ ಅಂತಾರೆ, 1 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅಲ್ಲಿನ ನಬಾಟಿಯನ್ ಜನ ಕಂದರದ ಬಾಯಿಗೆ ಅಡ್ಡಗಟ್ಟೆ ಕಟ್ಟಿ, ಬಂಡೆ ಕೊರೆದು, ಪ್ರವಾಹದ ನೀರನ್ನು ಬೇರೆ ಕಡೆಗೆ ತಿರುಗಿಸಿದ್ದರು. ಕಾಲ ಕಳೆದ ಹಾಗೆ ಆ ಕಟ್ಟೆ ಹಾಳಾಯಿತು. 1963ರಲ್ಲಿ ನೀರು ಮತ್ತೆ ಹಳೇ ದಾರಿಯಲ್ಲೇ ಬಂತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅದೇ ಜಾಗದಲ್ಲಿ ಮತ್ತೆ ಕಟ್ಟೆ ಕಟ್ಟಿದರು. ಅಲ್ಲಿ ಬದುಕಿದ್ದವರಿಗೆ ಕಮರಿಯ ಸ್ವಭಾವ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡು.

ನಾನೂ ನಿನ್ನ ಮಾವನೂ ಒಂದು ಸಲ ಇಂಥದ್ದೇ ಸಣ್ಣ ಪ್ರವಾಹವನ್ನು ಕಣ್ಣಾರೆ ಕಂಡೆವು. ನೀರು ಪಾದ ಮುಳುಗುವಷ್ಟಿತ್ತು, ತಳದ ಕಲ್ಲು ಎಣಿಸಬಹುದಿತ್ತು. ಜೊತೆಗಿದ್ದ ಗೈಡ್ ಮಾತಾಡುತ್ತಿದ್ದವನು ಥಟ್ಟನೆ ನಿಲ್ಲಿಸಿದ. ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಜೊತೆಗೆ ಕಡ್ಡಿ, ಎಲೆ ತೇಲಿ ಬರುತ್ತಿತ್ತು. ‘ಹತ್ತಿ, ಈಗಲೇ ಹತ್ತಿ’ ಅಂದ. ಪಕ್ಕದ ಬಂಡೆ ಹತ್ತಿ ಕೂತೆವು. ನಾನು ಚಪ್ಪಲಿ ಬಿಟ್ಟಿದ್ದ ಕಲ್ಲು ಸ್ವಲ್ಪ ಹೊತ್ತಿಗೇ ಕಾಣಲಿಲ್ಲ. ಆ ಸದ್ದು ನನಗೆ ಇನ್ನೂ ನೆನಪಿದೆ, ನೀರಿನ ಸದ್ದಲ್ಲ ಅದು, ನೀರಿನೊಳಗೆ ಕಲ್ಲುಗಳು ಉರುಳುವ ಸದ್ದು.

ಹಾಗಾಗಿ ಹೊರಡುವ ಹಿಂದಿನ ದಿನ ಆ ನದಿ ಎಲ್ಲಿಂದ ಬರುತ್ತದೆ ಅಂತ ಮ್ಯಾಪ್‌ನಲ್ಲಿ ನೋಡು. ಮೇಲಿನ ಆ ಜಾಗದ ಹವಾಮಾನ ನೋಡು. ಮೇಲೆ ಅಣೆಕಟ್ಟು ಇದೆಯಾ ಅಂತಲೂ ಕೇಳು, ಇದ್ದರೆ ಮಳೆಯೇ ಇಲ್ಲದೆ ನೀರು ಬಿಡಬಹುದು. ಅಲ್ಲಿನ ಕಾವಲಿನವರು ಇವತ್ತು ಇಳಿಯಬೇಡಿ ಅಂದರೆ ವಾದ ಮಾಡಬೇಡ, ದಯವಿಟ್ಟು.

ಎರಡನೆಯದು, ಸಮಯ. ಬೆಟ್ಟದಲ್ಲಿ ಸುಸ್ತಾದರೆ ಹಿಂದಿರುಗಿ ಇಳಿಯಬಹುದು. ಕಮರಿಯಲ್ಲಿ ಉಲ್ಟಾ. ಇಳಿಯುವಾಗ ಹುರುಪು, ಕಾಲಲ್ಲಿ ಶಕ್ತಿ ಇಲ್ಲದಾಗ ಏರು. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಇಟ್ಟುಕೋ. ಕೆಲವು ಕಮರಿಗಳಲ್ಲಿ ತಳಕ್ಕೆ ಹೋದಷ್ಟೂ ಸೆಕೆ ಜಾಸ್ತಿ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಅಂಚಿಗಿಂತ ತಳದಲ್ಲಿ ಹತ್ತು ಡಿಗ್ರಿಗೂ ಹೆಚ್ಚು ಬಿಸಿ ಇರುವುದುಂಟು. ನಮೀಬಿಯಾದ ಫಿಶ್ ರಿವರ್ ಕಂದರದಲ್ಲಂತೂ ಬೇಸಿಗೆಯಲ್ಲಿ ನಡಿಗೆಗೆ ಬಿಡುವುದೇ ಇಲ್ಲ. ನೀನು ಮಧ್ಯಾಹ್ನ ಇಳಿಯುವುದು ಅಂದುಕೊಂಡಿದ್ದೀಯ. ಅದನ್ನು ಬೆಳಿಗ್ಗೆಗೆ ಹಾಕು. ಅರ್ಧ ನೀರು ಮುಗಿದ ತಕ್ಷಣ ಎಲ್ಲಿದ್ದರೂ ತಿರುಗಿ ಹತ್ತಲು ಶುರು ಮಾಡಿ.

ಬೆಳಿಗ್ಗೆ ಬೇಗ ಹೋಗು ಅನ್ನಲು ಇನ್ನೊಂದು ಕಾರಣ ಇದೆ, ನನಗೆ ಅದೇ ಮುಖ್ಯ. ನೆತ್ತಿಯ ಬಿಸಿಲಲ್ಲಿ ಕಮರಿ ಚಪ್ಪಟೆ ಕಾಣುತ್ತದೆ. ಓರೆ ಬಿಸಿಲಿನಲ್ಲಿ ಒಂದೊಂದು ಪದರವೂ ಎದ್ದು ನಿಲ್ಲುತ್ತದೆ. ಆಗ ಮಕ್ಕಳಿಗೆ ತೋರಿಸು. ಇದನ್ನು ಕೊರೆದಿದ್ದು ಬರೀ ನೀರಲ್ಲ, ನೀರು ಹೊತ್ತು ತರುವ ಮರಳು, ಕಲ್ಲು ಅಂತ ಹೇಳು. ಹೊಳೆಯ ಬಂಡೆಯಲ್ಲಿ ಒರಳಿನಂಥ ದುಂಡು ಗುಳಿಗಳು ಇರುತ್ತವಲ್ವಾ, ಅವು ಒಳಗೆ ಸಿಕ್ಕ ಬೆಣಚುಕಲ್ಲು ಸುಳಿಯಲ್ಲಿ ತಿರುಗಿ ತಿರುಗಿ ಆದದ್ದು. (ಆ ಗುಳಿಗಳಿಗೆ ಮಕ್ಕಳನ್ನು ಇಳಿಸಬೇಡ, ಆಳ ಗೊತ್ತಾಗುವುದಿಲ್ಲ, ಪಾಚಿ ಬೇರೆ.)

ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನ ಬಂಡೆಗೆ ಸುಮಾರು 27 ಕೋಟಿ ವರ್ಷ. ತಳದ ಕಪ್ಪು ಬಂಡೆಗೆ ಸುಮಾರು 170 ಕೋಟಿ. ಅಲ್ಲಿ ಕೆಲವು ಕಡೆ ಅಂಗೈ ಇಟ್ಟರೆ ಎರಡು ಪದರ ಒಟ್ಟಿಗೆ ಸಿಗುತ್ತವೆ, ಅವುಗಳ ನಡುವಿನ ನೂರು ಕೋಟಿ ವರ್ಷಕ್ಕೂ ಹೆಚ್ಚಿನ ಬಂಡೆ ಸವೆದು ಹೋಗಿದೆ, ಇಲ್ಲವೇ ಇಲ್ಲ. ಅದನ್ನು ಯೋಚಿಸಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂಥ ಜಾಗಕ್ಕೆ ಹೋಗಿ ಹತ್ತು ನಿಮಿಷ ಫೋಟೊ ತೆಗೆದು ಬರುವುದು ಬೇಡ ಮರಿ. ಒಂದು ಅರ್ಧ ಗಂಟೆ ಎಲ್ಲರೂ ಫೋನ್ ಒಳಗಿಟ್ಟು ಸುಮ್ನೆ ಕೂತುಕೊಳ್ಳಿ.

ಅಂಚಿನ ವಿಷಯ. ಹೊಳೆ ಕೆಳಗಿನಿಂದ ತಿನ್ನುತ್ತಾ ಬರುವುದರಿಂದ ಮೇಲಿನ ಬಂಡೆಗೆ ಎಷ್ಟೋ ಕಡೆ ಕೆಳಗೆ ಆಧಾರ ಇರುವುದಿಲ್ಲ. ಮೇಲೆ ನಿಂತವರಿಗೆ ಅದು ಕಾಣುವುದೂ ಇಲ್ಲ. ಅಂಚಿನ ಉದ್ದಕ್ಕೂ ಬಿರುಕು ಕಂಡರೆ ಅದರ ಆಚೆ ಕಾಲಿಡಬೇಡಿ. ಕಲ್ಲು ಎಸೆಯಲೂ ಬೇಡಿ, ಕೆಳಗೆ ಯಾರಾದರೂ ನಡೆಯುತ್ತಿರಬಹುದು.

ಅಣ್ಣ, ನೀವೂ ಇದನ್ನು ಕೇಳುತ್ತೀರಿ ಅಂತ ಗೊತ್ತು. ಅಮ್ಮನನ್ನು ಕೆಳಗಿಳಿಸುವ ಯೋಚನೆ ಬೇಡ. ಪೂರ್ತಿ ಆಕಾರ ಕಾಣುವುದು ಮೇಲಿಂದಲೇ, ಅವರಿಗೆ ಕಡಿಮೆ ಏನೂ ಆಗುವುದಿಲ್ಲ. ನೆರಳಿರುವ ಜಾಗದಲ್ಲಿ ಕೂರಿಸಿ, ಒಬ್ಬರು ಜೊತೆಗಿರಿ. ಇಳಿದವರು ಇಷ್ಟು ಗಂಟೆಗೆ ಬರುತ್ತೇವೆ ಅಂತ ಅವರಿಗೆ ಹೇಳಿಯೇ ಇಳಿಯಲಿ, ಕೆಳಗೆ ಫೋನ್ ಸಿಗುವುದು ಕಷ್ಟ.

ಮರಿ, ಯಾವ ಕಮರಿ, ಯಾವ ನದಿ ಅಂತ ನೀನು ಬರೆದೇ ಇಲ್ಲ. ಇವತ್ತು ರಾತ್ರಿ ಗುಂಪಿನಲ್ಲಿ ಹಾಕು. ನದಿ ಹುಟ್ಟುವ ಕಡೆಯ ಮಳೆಯನ್ನು ನಾನೂ ಇಲ್ಲಿಂದ ನೋಡುತ್ತಿರುತ್ತೇನೆ.